ನಮ್ಮ ಮನೆಯದೇ ಕಡತ

ನಮ್ಮ ಕಾನೂನು ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳು ಸಂಶೋಧನಾ ವರದಿಗೆ ವಿಷಯ ಸೂಚಿಸುವ ವಾರದಲ್ಲಿ ನನ್ನ ಮೇಜಿನ ಮೇಲೆ ಒಂದು ಪಟ್ಟಿ ಬಂದು ಕೂರುತ್ತದೆ. ‘ಭಾರತದಲ್ಲಿ ಮಹಿಳಾ ಹಕ್ಕುಗಳು: ಒಂದು ವಿಶ್ಲೇಷಣೆ.’ ‘ಸೈಬರ್ ಅಪರಾಧ: ಸವಾಲುಗಳು ಮತ್ತು ಪರಿಹಾರಗಳು.’ ‘ಪರಿಸರ ಮತ್ತು ಕಾನೂನು.’ ಒಂದೊಂದೂ ಒಬ್ಬರ ಇಡೀ ಆಯುಷ್ಯವನ್ನು ಬೇಡುವಷ್ಟು ದೊಡ್ಡ ವಿಷಯ. ಅಷ್ಟು ದೊಡ್ಡದಾಗಿರುವ ಕಾರಣಕ್ಕೇ ಅದನ್ನು ಒಂದು ವಾರಾಂತ್ಯದಲ್ಲಿ ಬರೆದು ಮುಗಿಸಬಹುದು. ಯಾರ ಹತ್ತಿರವೂ ಹೋಗಬೇಕಾಗಿಲ್ಲ, ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ.

ಕಾಲೇಜಿನ ಸುತ್ತಮುತ್ತ ಇರುವ ಡಿಟಿಪಿ ಅಂಗಡಿಗಳ ಕಂಪ್ಯೂಟರಿನಲ್ಲಿ ಹಿಂದಿನ ವರ್ಷಗಳ ವರದಿಗಳು ಹಾಗೆಯೇ ಉಳಿದಿರುತ್ತವೆ. ಹೆಸರು ಮತ್ತು ನೋಂದಣಿ ಸಂಖ್ಯೆ ಬದಲಿಸಿ, ದಪ್ಪ ರಟ್ಟು ಹಾಕಿ, ಮೇಲೆ ಬಂಗಾರದ ಬಣ್ಣದ ಅಕ್ಷರ ಒತ್ತಿ ಕೊಡುತ್ತಾರೆ. ವರ್ಗವಾಗಿ ಹೋದ ಅಧ್ಯಾಪಕರಿಗೆ ಕೃತಜ್ಞತೆ ಸಲ್ಲಿಸಿದ ವರದಿಗಳು ನನ್ನ ಕೈಸೇರಿದ್ದೂ ಉಂಟು. ಈಗ ಅಂಗಡಿಯವರ ಕೆಲಸವನ್ನು ಮೊಬೈಲಿನಲ್ಲಿರುವ ಎಐ ಕಸಿದುಕೊಂಡಿದೆ. ಎಂದೂ ನಡೆಯದ ಪ್ರಕರಣಕ್ಕೆ ವಾದಿ, ಪ್ರತಿವಾದಿ, ವರ್ಷ, ಪುಟಸಂಖ್ಯೆ ಸಮೇತ ಉಲ್ಲೇಖ ಸಿದ್ಧವಾಗಿ ಬರುತ್ತದೆ. ಹಳೆಯ ಕಳ್ಳತನದಲ್ಲಿ ಕನಿಷ್ಠ ಕದ್ದ ಮಾಲಾದರೂ ನಿಜವಾಗಿತ್ತು.

ಬಾರ್ ಕೌನ್ಸಿಲಿನ 2008ರ ಕಾನೂನು ಶಿಕ್ಷಣ ನಿಯಮಗಳು ಅಣಕು ನ್ಯಾಯಾಲಯ, ಕರಡು ಬರವಣಿಗೆ, ವೃತ್ತಿಧರ್ಮ, ಇಂಟರ್ನ್‌ಶಿಪ್ ಇವನ್ನೆಲ್ಲ ಕಡ್ಡಾಯ ಮಾಡಿವೆ. ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ನಮ್ಮಂಥ ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಸಂಶೋಧನೆ ಎಂಬುದು ಇವುಗಳ ಮಗ್ಗುಲಲ್ಲಿ, ಗೈಡ್ ಮತ್ತು ವಿದ್ಯಾರ್ಥಿಯ ಹಟದ ಮೇಲೆ ನಡೆಯುವ ಕೆಲಸ. ಹಟ ಇಲ್ಲದಿದ್ದರೆ ರಟ್ಟು ಮತ್ತು ಬಂಗಾರದ ಅಕ್ಷರ ಇದ್ದೇ ಇದೆ.

ನಾನು ಆ ಪಟ್ಟಿಯನ್ನು ಬದಿಗಿಟ್ಟು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಮನೆಯ ಜಮೀನು ನಿಮ್ಮ ಮನೆಗೆ ಹೇಗೆ ಬಂತು? ಜಮೀನು ಇಲ್ಲದಿದ್ದರೆ, ಏಕೆ ಇಲ್ಲ?

ಶಿವಮೊಗ್ಗದ ತರಗತಿಯಲ್ಲಿ ಈ ಪ್ರಶ್ನೆಗೆ ಬರುವ ಉತ್ತರಗಳನ್ನು ಬೇರೆ ಊರಿನ ಅಧ್ಯಾಪಕರು ಕೇಳಿದರೆ ಹೊಟ್ಟೆಕಿಚ್ಚು ಪಡಬೇಕು. ಸಾಗರ, ಸೊರಬದ ಕಡೆಯ ಹುಡುಗ ‘ಡಿಕ್ಲರೇಷನ್‌ನಲ್ಲಿ ಬಂತು’ ಎನ್ನುತ್ತಾನೆ. ಅವನ ಅಜ್ಜ ಗೇಣಿದಾರ; ಗೇಣಿದಾರರು ಭೂಮಿಗಾಗಿ ಸರ್ಕಾರಕ್ಕೆ ಹಾಕಿದ ಅರ್ಜಿಯನ್ನೇ ಇಲ್ಲಿ ಡಿಕ್ಲರೇಷನ್ ಎನ್ನುವುದು. ತೀರ್ಥಹಳ್ಳಿ ಕಡೆಯವಳು ‘ಡಿಕ್ಲರೇಷನ್‌ನಲ್ಲಿ ಹೋಯಿತು, ಉಳಿದದ್ದು ಇಷ್ಟು’ ಎನ್ನುತ್ತಾಳೆ. ಹೊಸನಗರದವಳ ಮನೆ ಮುಳುಗಡೆಯದು, ಶರಾವತಿ ಅಣೆಕಟ್ಟಿನ ನೀರಿಗೆ ಜಾಗ ಬಿಟ್ಟವರು. ಶಿಕಾರಿಪುರದವನದು ಬಗರ್‌ಹುಕುಂ, ಎಂದರೆ ಅನುಮತಿಯಿಲ್ಲದೆ ಉಳುತ್ತಾ ಬಂದ ಸರ್ಕಾರಿ ಜಮೀನು; ಸಕ್ರಮಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಭದ್ರಾವತಿಯವನ ಅಜ್ಜ ಕಬ್ಬಿಣದ ಕಾರ್ಖಾನೆಗೆ ಕೆಲಸಕ್ಕೆ ಬಂದು ಕ್ವಾರ್ಟರ್ಸಿನಲ್ಲಿ ಉಳಿದವರು. ಜಮೀನಿನ ಮಾತೇ ಇಲ್ಲ. ಭೂಕಾನೂನಿನ ಎಲ್ಲ ಅಧ್ಯಾಯಗಳೂ ಹಾಜರಿ ಪುಸ್ತಕದಲ್ಲೇ ಇವೆ. ಅವರು ಮಾತ್ರ ಸೈಬರ್ ಅಪರಾಧದ ಮೇಲೆ ಬರೆಯಲು ಹೊರಟಿರುತ್ತಾರೆ.

ಸಾಗರ ತಾಲ್ಲೂಕಿನ ಕಾಗೋಡು ಎಂಬ ಊರಿನ ಹೆಸರು ಇಲ್ಲಿ ಗೊತ್ತಿಲ್ಲದವರಿಲ್ಲ. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಎದ್ದು ನಿಂತದ್ದು, ಶಾಂತವೇರಿ ಗೋಪಾಲಗೌಡರು ಜೊತೆಗೂಡಿದ್ದು, ರಾಮಮನೋಹರ ಲೋಹಿಯಾ ಬಂದು ಬಂಧಿತರಾದದ್ದು, ಇದೆಲ್ಲ ಭಾಷಣಗಳಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದೆ. ಜಗಳದ ಕೇಂದ್ರದಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ ಇತ್ತು ಎಂಬುದೂ ಕೆಲವರಿಗೆ ಗೊತ್ತು. ಆದರೆ ಅದಾಗಿ ಎರಡು ದಶಕಗಳ ನಂತರ, ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಜಾರಿಗೆ ಬಂದು, 1974ರ ಮಾರ್ಚ್ 1ರಂದು ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತಲ್ಲ, ಆಮೇಲೆ ನಿಜಕ್ಕೂ ಏನಾಯಿತು ಎಂಬುದು ಭಾಷಣಗಳಲ್ಲಿ ಇಲ್ಲ. ಅದು ಕಡತದಲ್ಲಿದೆ. ಗೇಣಿದಾರ 48ಎ ಕಲಂ ಅಡಿ ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ಗಡುವು ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿದ್ದ ಭೂ ನ್ಯಾಯಮಂಡಳಿ ವಿಚಾರಣೆ ಮಾಡಬೇಕು. ಗೆದ್ದವರಿಗೆ ನಮೂನೆ 10, ಎಂದರೆ ಭೂಮಿ ಇನ್ನು ನಿಮ್ಮದು ಎಂಬ ಅಧಿಭೋಗದ ಹಕ್ಕಿನ ಪತ್ರ. ಆ ನಮೂನೆ 10 ಎಷ್ಟೋ ಮನೆಗಳಲ್ಲಿ ಇಂದಿಗೂ ಟ್ರಂಕಿನ ತಳದಲ್ಲಿದೆ. ಅದಕ್ಕೆ ಹಿಂದಿನ ಕತೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಕೆಂಪು ಬಟ್ಟೆಯ ಗಂಟಿನಲ್ಲಿದೆ.

ಪಹಣಿ ಈಗ ಮೊಬೈಲಿನಲ್ಲೇ ಸಿಗುತ್ತದೆ; ನ್ಯಾಯಮಂಡಳಿಯ ಹಳೆಯ ಕಡತ ಹಾಗೆ ಸಿಗುವುದಿಲ್ಲ. ‘ಭೂ ಸುರಕ್ಷಾ’ ಹೆಸರಿನಲ್ಲಿ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಈಚೆಗೆ ನಡೆಯುತ್ತಿದೆ, ಮುಂದಿನ ಬ್ಯಾಚುಗಳಿಗೆ ಸುಲಭವಾಗಬಹುದು. ಅಲ್ಲಿಯವರೆಗೆ ದೃಢೀಕೃತ ನಕಲಿಗೆ ಅರ್ಜಿ, ಇಲ್ಲವಾದರೆ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು, ಜೊತೆಗೆ ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದಗಳ ಮಿತಿ. ಈ 150 ಪದಗಳ ನಿಯಮವನ್ನು ಬೈಯುವವರು ಬಹಳ ಮಂದಿ, ಬೈಯಲು ಕಾರಣವೂ ಇದೆ. ಆದರೆ ಗೈಡ್ ಆಗಿ ನನಗೆ ಅದು ಉಪಕಾರವನ್ನೇ ಮಾಡಿದೆ. ತನಗೆ ಏನು ಬೇಕು ಎಂಬುದನ್ನು 150 ಪದಗಳಲ್ಲಿ ಹೇಳಲಾರದ ವಿದ್ಯಾರ್ಥಿಗೆ ತನ್ನ ಸಂಶೋಧನೆಯ ಪ್ರಶ್ನೆಯೇ ಇನ್ನೂ ಗೊತ್ತಾಗಿಲ್ಲ ಎಂದು ಅರ್ಥ. ಇಡೀ ಗುಡ್ಡವನ್ನು ಅಗೆಯಲು ಗುದ್ದಲಿ ಎತ್ತಿದವನಿಗೆ ತೋಟದ ಒಂದು ಅಗಳು ತೋರಿಸಿ ‘ಇಷ್ಟು ತೆಗೆ’ ಎನ್ನುವುದೇ ಈ ಕೆಲಸದಲ್ಲಿ ಮುಕ್ಕಾಲು ಪಾಲು.

ಒಂದು ಬ್ಯಾಚಿನ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗೇಣಿದಾರರ ಮನೆಯ ಹುಡುಗ, ಜಮೀನಿನ ಒಡೆಯರ ಮನೆಯ ಹುಡುಗಿ ಇಬ್ಬರನ್ನೂ ಒಂದೇ ವರದಿಗೆ ಜೋಡಿ ಮಾಡಿದೆ. ಇಬ್ಬರಿಗೂ ಇಷ್ಟವಿರಲಿಲ್ಲ. ಕಡತಗಳು ಅವರಿಬ್ಬರ ಊರಿನವೂ ಅಲ್ಲ, ಮೂರನೆಯ ತಾಲ್ಲೂಕಿನವು. ಮೊದಲ ವಾರವೇ ಜಗಳ ಶುರುವಾಯಿತು. ಒಂದು ಕಡತದಲ್ಲಿ ಒಡೆಯರ ಹೇಳಿಕೆ: ಸ್ವಂತ ಸಾಗುವಳಿ, ಆಳುಗಳನ್ನು ಇಟ್ಟು ಮಾಡಿಸುತ್ತೇನೆ. ಅರ್ಜಿದಾರನ ಹೇಳಿಕೆ: ತಂದೆಯ ಕಾಲದಿಂದ ಗೇಣಿ ಅಳೆಯುತ್ತಾ ಬಂದಿದ್ದೇವೆ, ರಸೀದಿ ಕೊಡುತ್ತಿರಲಿಲ್ಲ. ಪಹಣಿಯ 12ನೇ ಕಾಲಂನಲ್ಲಿ, ಸಾಗುವಳಿದಾರನ ಹೆಸರಿನ ಜಾಗದಲ್ಲಿ, ‘ಖುದ್ದು’.

ಹುಡುಗಿ ಕಾನೂನು ತೆಗೆದಳು. ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಹಕ್ಕು ದಾಖಲೆಯ ನಮೂದನ್ನು, ವಿರುದ್ಧವಾದದ್ದು ಸಾಬೀತಾಗುವವರೆಗೆ, ನಿಜವೆಂದೇ ಭಾವಿಸಬೇಕು. ಹುಡುಗ ಇತಿಹಾಸ ತೆಗೆದ. ಪಹಣಿ ಬರೆಯುತ್ತಿದ್ದವರು ಯಾರು, ಯಾರ ಮನೆಯ ಜಗುಲಿಯ ಮೇಲೆ ಕುಳಿತು ಬರೆಯುತ್ತಿದ್ದರು ಎಂದು ಕೇಳಿದ.

“ಜಗುಲಿಯ ಮೇಲೆ ಕುಳಿತು ಬರೆದರು ಎಂಬುದಕ್ಕೆ ನಿನ್ನ ಹತ್ತಿರ ಏನಿದೆ?” ಎಂದೆ.

“ನಮ್ಮ ಅಜ್ಜ ಹೇಳುತ್ತಿದ್ದರು ಮೇಡಂ.”

“ಈ ಕಡತ ನಿನ್ನ ಅಜ್ಜನದಲ್ಲ.”

“ಅವಳಿಗೂ ಹೇಳಿ ಮೇಡಂ, ಈ ಕಡತ ಅವಳ ಅಜ್ಜನದೂ ಅಲ್ಲ.”

ಹೇಳಿದೆ. ಅಷ್ಟಕ್ಕೇ ಬಿಡದೆ, ನನ್ನ ತವರಿನ ಗದ್ದೆಗಳೂ 44ನೇ ಕಲಂ ಅಡಿ ಹೋದವೇ ಎಂಬುದನ್ನೂ ಹೇಳಿದೆ. ಇದನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ನನ್ನ ತಿದ್ದುಪಡಿಗಳನ್ನು ಅವರು ಅನುಮಾನದಿಂದ ನೋಡುವುದಾದರೆ ನೋಡಲಿ. ಗೈಡ್ ಎಂದರೆ ಎತ್ತರದ ಕುರ್ಚಿಯಲ್ಲಿ ಕುಳಿತ ನಿಷ್ಪಕ್ಷಪಾತಿ ಎಂಬ ಭ್ರಮೆ ಇದ್ದರೆ, ಮಲೆನಾಡಿನಲ್ಲಿ ಭೂಕಾನೂನಿನ ಸಂಶೋಧನೆ ಸಾಧ್ಯವೇ ಇಲ್ಲ. ಇಲ್ಲಿ ಹೊರಗಿನವರು ಯಾರೂ ಇಲ್ಲ.

ಜಗಳದಿಂದ ಪ್ರಶ್ನೆ ಹುಟ್ಟಿತು. ಒಂದು ಹೋಬಳಿಯ ಆದೇಶಗಳಲ್ಲಿ ನ್ಯಾಯಮಂಡಳಿ 12ನೇ ಕಾಲಂನ ನಮೂದನ್ನು ಎಲ್ಲೆಲ್ಲಿ ಒಪ್ಪಿತು, ಎಲ್ಲೆಲ್ಲಿ ತಳ್ಳಿಹಾಕಿತು, ತಳ್ಳಿಹಾಕಿದಾಗ ಏನು ಕಾರಣ ಬರೆಯಿತು? ಇಷ್ಟೇ. ಭೂಸುಧಾರಣೆ ಸರಿಯೋ ತಪ್ಪೋ ಎಂಬ ತೀರ್ಪು ಬೇಡ ಎಂದೆ. ಓದುತ್ತಾ ಹೋದಂತೆ ಕೆಲವು ಆದೇಶಗಳಲ್ಲಿ ಕಾರಣವೇ ಇಲ್ಲ ಎಂದು ಗೊತ್ತಾಯಿತು. ದಾಖಲೆಗಳನ್ನು ಪರಿಶೀಲಿಸಲಾಗಿದೆ, ಅರ್ಜಿ ಮಂಜೂರು. ಅಥವಾ ಪರಿಶೀಲಿಸಲಾಗಿದೆ, ವಜಾ. ಆರಂಭದಲ್ಲಿ ಮೇಲ್ಮನವಿಗೆ ಅವಕಾಶವಿರಲಿಲ್ಲ, ಹೈಕೋರ್ಟಿಗೆ ರಿಟ್ ಒಂದೇ ದಾರಿ. ಕಾರಣವಿಲ್ಲದ ಆದೇಶ ರಿಟ್‌ನಲ್ಲಿ ರದ್ದಾಗಿ ಮರುವಿಚಾರಣೆಗೆ ಬಂದರೆ ಅದೇ ಗದ್ದೆಯ ಮೇಲೆ ಮತ್ತೆ ವರ್ಷಗಟ್ಟಲೆ ಅಲೆದಾಟ. ಕಾರಣ ಬರೆದ ಆದೇಶಗಳಲ್ಲಿ ಹೆಚ್ಚು ತೂಕ ಬಿದ್ದದ್ದು ಅಕ್ಕಪಕ್ಕದ ಗದ್ದೆಯವರ ಮಾತಿಗೆ. ಯಾರು ಉತ್ತರು, ಯಾರ ಎತ್ತು, ಒಕ್ಕಲು ಯಾರ ಕಣದಲ್ಲಿ ನಡೆಯಿತು ಎಂಬ ಸಾಕ್ಷಿ ಎದುರಿಗೆ ನಿಂತಾಗ ‘ಖುದ್ದು’ ಎಂಬ ನಮೂದು ನಿಲ್ಲುತ್ತಿರಲಿಲ್ಲ.

ಆ ಸಾಕ್ಷಿಗಳ ಹೇಳಿಕೆಗಳು ಓದಲು ಅಷ್ಟು ಚೆನ್ನಾಗಿರುವುದಕ್ಕೆ ಒಂದು ಕಾನೂನು ಕಾರಣವಿದೆ. ಕಾಯ್ದೆಯ 48(8)ನೇ ಕಲಂ ನ್ಯಾಯಮಂಡಳಿಯ ಮುಂದೆ ವಕೀಲರು ಬರುವುದನ್ನೇ ನಿಷೇಧಿಸಿತ್ತು. ಹಣವಿದ್ದ ಒಡೆಯರು ದೊಡ್ಡ ವಕೀಲರನ್ನು ಕರೆತಂದರೆ ಗೇಣಿದಾರನ ಗತಿ ಏನು ಎಂಬುದು ಆ ನಿಷೇಧದ ಹಿಂದಿನ ಆಲೋಚನೆ. 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ವಕೀಲರ ವೃತ್ತಿಯ ಹಕ್ಕು ಸಂಸತ್ತು ಮಾಡಿದ ಕಾನೂನಿನ ವ್ಯಾಪ್ತಿಗೆ ಸೇರಿದ್ದು, ರಾಜ್ಯ ಶಾಸಕಾಂಗ ಅದಕ್ಕೆ ವಿರುದ್ಧವಾಗಿ ಕಾನೂನು ಮಾಡುವಂತಿಲ್ಲ ಎಂಬುದು ತೀರ್ಪಿನ ಸಾರ. ವಕೀಲರಾಗಲು ಹೊರಟವರಿಗೆ ಈ ತೀರ್ಪು ಸಹಜವಾಗಿಯೇ ಹಿತವೆನಿಸುತ್ತದೆ. ಆದರೆ ವಕೀಲರಿಲ್ಲದ ಕಾಲದ ಹೇಳಿಕೆಗಳನ್ನು ಓದಿದ ಮೇಲೆ ಇಬ್ಬರೂ ಸ್ವಲ್ಪ ಮೆತ್ತಗಾದರು. ಗುಮಾಸ್ತನ ಕಚೇರಿ ಭಾಷೆಯ ನಡುವೆಯೇ ಜನರ ಮಾತು ತಲೆ ಎತ್ತುತ್ತದೆ. ಕೇಳದ ಪ್ರಶ್ನೆಗೂ ಉತ್ತರ ಇರುತ್ತದೆ, ತನಗೆ ವಿರುದ್ಧವಾದ ಸಂಗತಿಯನ್ನೂ ಅರ್ಜಿದಾರ ತಾನಾಗಿ ಹೇಳಿಬಿಟ್ಟಿರುತ್ತಾನೆ. ಚೆನ್ನಾಗಿ ತಯಾರು ಮಾಡಿದ ಸಾಕ್ಷಿ ಹಾಗೆ ಮಾತಾಡುವುದಿಲ್ಲ. ಕೋರ್ಟಿನಲ್ಲಿ ಅದು ದೋಷ, ಸಂಶೋಧಕನಿಗೆ ಭಾಗ್ಯ.

ಹುಡುಗಿಗೆ ಸಿಕ್ಕ ಒಂದು ಕಡತದಲ್ಲಿ ಒಡೆಯರ ಜಾಗದಲ್ಲಿದ್ದವಳು ಒಬ್ಬ ವಿಧವೆ, ಬಹಳ ಚಿಕ್ಕ ಹಿಡುವಳಿಯವಳು. ಉಳಲು ಮನೆಯಲ್ಲಿ ಗಂಡಸರಿಲ್ಲ, ಅದಕ್ಕೇ ಗೇಣಿಗೆ ಕೊಟ್ಟೆ ಎಂದು ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದ್ದಳು. ಗೇಣಿಗೆ ಕೊಟ್ಟದ್ದನ್ನು ಒಪ್ಪಿಕೊಂಡ ಮೇಲೆ ಕಾನೂನಿನಲ್ಲಿ ಉಳಿದದ್ದೇನೂ ಇರಲಿಲ್ಲ. ಇದನ್ನೇ ವರದಿಯ ತಲೆಬರಹ ಮಾಡಬೇಕು ಎಂಬುದು ಹುಡುಗಿಯ ಆಸೆ. ಬೇಡ ಎಂದೆ. ಒಂದು ಕಡತ ಒಂದು ಕಡತವೇ, ಅದು ಕಾಯ್ದೆಯ ಮೇಲಿನ ತೀರ್ಪಲ್ಲ.

ಹುಡುಗನಿಗೆ ಸಿಕ್ಕದ್ದು ಇದಕ್ಕಿಂತ ಸೂಕ್ಷ್ಮವಾದದ್ದು. ಗೇಣಿದಾರನೂ ತನ್ನ ಆಳುಗಳಿಂದ ದುಡಿಸುತ್ತಿದ್ದ ಗದ್ದೆ ಅದು. ಸಾಕ್ಷಿಗೆ ಬಂದ ಆಳು ತಾನೇ ನಾಟಿ, ಕೊಯ್ಲು ಮಾಡುತ್ತಿದ್ದೆ ಎಂದು ಹೇಳಿ, ಅದೇ ಮಾತಿನ ಬಲದಿಂದ ಗೇಣಿದಾರನಿಗೆ ಅಧಿಭೋಗದ ಹಕ್ಕು ಸಿಕ್ಕಿತ್ತು. ಆ ಆಳಿನ ಹೆಸರು ಆದೇಶದ ಕೊನೆಯ ಭಾಗದಲ್ಲಿ ಎಲ್ಲೂ ಇರಲಿಲ್ಲ. ಇದನ್ನು ತೋರಿಸಲು ಬಂದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಮನೆಗೆ ಜಮೀನು ಬಂದಾಗ ನಮ್ಮಲ್ಲಿ ಕೆಲಸಕ್ಕಿದ್ದವರಿಗೆ ಏನು ಬಂತು ಮೇಡಂ?” ಎಂದು ಕೇಳಿದ. ಕಾಯ್ದೆಯ 38ನೇ ಕಲಂ ಓದು ಎಂದೆ. ಕೃಷಿ ಕಾರ್ಮಿಕರಿಗೆ ವಾಸದ ಮನೆಯ ಮೇಲಿನ ಹಕ್ಕು ಅಲ್ಲಿದೆ. ಗದ್ದೆಯ ಮೇಲಿನದು ಅಲ್ಲ. 1974ರ ಸುಧಾರಣೆ ಗೇಣಿದಾರನವರೆಗೆ ಬಂದು ನಿಂತಿತು, ಕೂಲಿಯವನವರೆಗೆ ಇಳಿಯಲಿಲ್ಲ ಎಂಬ ಟೀಕೆ ಹೊಸದಲ್ಲ, ನಾನೇ ತರಗತಿಯಲ್ಲಿ ಹೇಳಿರುತ್ತೇನೆ. ಆಗ ಅವನು ಅದನ್ನು ಪರೀಕ್ಷೆಗಾಗಿ ಬರೆದುಕೊಂಡಿದ್ದ.

ಕಡತಕ್ಕೆ ತಾನು ಅಪರಿಚಿತ ಎಂಬಂತೆ ಓದುವುದು, ಆಮೇಲೆ ಅದರಲ್ಲಿ ತನ್ನ ಮನೆ ಕಾಣಿಸಿದರೆ ಮುಖ ತಿರುಗಿಸದಿರುವುದು, ಈ ಎರಡನ್ನೂ ಕಲಿಸುವುದು ನಮ್ಮಂಥ ಕಡೆ ಗೈಡ್ ಆದವರ ಕೆಲಸ ಎಂದು ನಾನು ನಂಬಿದ್ದೇನೆ. ಸಂಶೋಧನಾ ವಿಧಾನದ ಪಠ್ಯಗಳು ಮೊದಲನೆಯದನ್ನು ಹೇಳುತ್ತವೆ. ಎರಡನೆಯದಕ್ಕೆ ಅವುಗಳಲ್ಲಿ ಅಧ್ಯಾಯವಿಲ್ಲ.

ದೊಡ್ಡ ಕಾನೂನು ಶಾಲೆಗಳ ಕೆಲಸವನ್ನು ನಾನು ಮೆಚ್ಚುತ್ತೇನೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಹೊರತಂದ ಮರಣದಂಡನೆ ವರದಿಯನ್ನು ಪ್ರತಿ ಬ್ಯಾಚಿಗೂ ತೋರಿಸುತ್ತೇನೆ. ಆಗ ಗಲ್ಲು ಶಿಕ್ಷೆಯಡಿ ಇದ್ದ 385 ಕೈದಿಗಳಲ್ಲಿ 373 ಮಂದಿಯ ಸಂದರ್ಶನ, ಅವರ ಕುಟುಂಬಗಳ ಭೇಟಿ, ಅಧ್ಯಾಪಕರ ಮಾರ್ಗದರ್ಶನದಲ್ಲಿ ಜೈಲಿಂದ ಜೈಲಿಗೆ ಅಲೆದ ವಿದ್ಯಾರ್ಥಿಗಳು. ಯಾರಿಗೆ ಈ ಶಿಕ್ಷೆ ಬೀಳುತ್ತದೆ ಎಂಬ ಪ್ರಶ್ನೆಗೆ, ಹೆಚ್ಚಾಗಿ ಬಡವರಿಗೆ ಎಂಬ ಉತ್ತರವನ್ನು ಊಹೆಯ ಮಟ್ಟದಿಂದ ದಾಖಲೆಯ ಮಟ್ಟಕ್ಕೆ ತಂದ ಕೆಲಸ ಅದು. ನಮಗೆ ಅಂಥ ಅನುದಾನ, ಅನುಮತಿ ಎರಡೂ ಸಿಗುವುದಿಲ್ಲ; ನಮ್ಮ ಬಜೆಟ್ ಬಸ್ ಚಾರ್ಜು ಮತ್ತು ಜೆರಾಕ್ಸ್. ಆದರೆ ಅಲ್ಲಿನ ವಿದ್ಯಾರ್ಥಿ ಸಂದರ್ಶನ ಮುಗಿಸಿ ಹಾಸ್ಟೆಲಿಗೆ ಮರಳುತ್ತಾನೆ. ನಮ್ಮವನು ರೆಕಾರ್ಡ್ ರೂಮಿನಿಂದ ಹೊರಟು ಸಂಜೆಯ ಬಸ್ಸಿನಲ್ಲಿ ಅದೇ ಗದ್ದೆಯ ಬಯಲಿಗೆ ಹೋಗಿ ಇಳಿಯುತ್ತಾನೆ.

ಹೀಗಾಗಿ ಕೆಲವು ಕಟ್ಟಳೆಗಳು ಹುಟ್ಟಿಕೊಂಡವು. ತಮ್ಮ ಊರಿನ ಕಡತ ತಾವೇ ಓದುವಂತಿಲ್ಲ. ವರದಿಯಲ್ಲಿ ಯಾರ ಹೆಸರೂ, ಯಾವ ಸರ್ವೆ ನಂಬರೂ ಇರಬಾರದು. ಮೂರು ತಲೆಮಾರಿನ ಮೇಲೆ ಸಣ್ಣ ಊರಿನಲ್ಲಿ ಹಳೆಯ ಗಾಯ ಕೆದಕುವುದು ಬಹಳ ಸುಲಭ. ಯಾರಿಗೂ ಹಕ್ಕುಪತ್ರದ ಭರವಸೆ ಕೊಡಬಾರದು. ಈ ಕೊನೆಯದು ಎಲ್ಲಕ್ಕಿಂತ ಕಷ್ಟದ್ದು.

ಅದು ಗೊತ್ತಾದದ್ದು ಮುಳುಗಡೆಯ ವರದಿಯಲ್ಲಿ. ವಿದ್ಯುತ್ತಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ಕಣಿವೆಯಿಂದ ಎದ್ದವರನ್ನು ಲಾರಿಗಳಲ್ಲಿ ತಂದು ಕಾಡಿನ ನಡುವೆ ಇಳಿಸಿದರು ಎಂಬ ಮಾತು ಆ ಮನೆಗಳಲ್ಲಿ ಇಂದಿಗೂ ನಡೆಯುತ್ತದೆ. ಇಳಿಸಿದ ಜಾಗ ಅರಣ್ಯ. ಅರಣ್ಯವೆಂಬ ಹಣೆಪಟ್ಟಿಯನ್ನು ಸರ್ಕಾರ ಕಾಗದದ ಮೇಲೆ ಸರಿಯಾಗಿ ತೆಗೆಯಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಅನುಮತಿ ಇಲ್ಲದೆ ತೆಗೆಯುವಂತೆಯೂ ಇರಲಿಲ್ಲ. ಆ ಅನುಮತಿ ಇಲ್ಲದೆ ರಾಜ್ಯ ಸರ್ಕಾರ ಹೊರಡಿಸಿದ್ದ ಡಿನೋಟಿಫಿಕೇಷನ್ ಆದೇಶಗಳನ್ನು 2021ರಲ್ಲಿ ಹೈಕೋರ್ಟ್ ರದ್ದು ಮಾಡಿತು. ನಾಡಿಗೆ ಬೆಳಕು ಕೊಟ್ಟವರು ಕಾಗದದಲ್ಲಿ ಒತ್ತುವರಿದಾರರು.

ಈ ವರದಿಯನ್ನು ಎತ್ತಿಕೊಂಡವರು ಇಬ್ಬರು ಹುಡುಗಿಯರು, ಇಬ್ಬರೂ ಮುಳುಗಡೆಯ ಮನೆಯವರು. ಅದಲುಬದಲು ಮಾಡಿದೆ. ಇವಳ ಮನೆಯ ಕಾಗದ ಅವಳು, ಅವಳ ಮನೆಯದು ಇವಳು. ‘ನಮಗೆ ಒಂದು ಪೈಸೆ ಪರಿಹಾರ ಕೊಡಲಿಲ್ಲ’ ಎಂಬ ಮಾತನ್ನು ಕೇಳುತ್ತಲೇ ಬೆಳೆದ ಹುಡುಗಿಯ ಮನೆಯ ಟ್ರಂಕಿನಲ್ಲಿ, ಮುಳುಗಿದ ಜಮೀನಿನ ಒಂದು ಭಾಗಕ್ಕೆ ಪರಿಹಾರ ಪಡೆದ ಕಾಗದ ಸಿಕ್ಕಿತು, ಅಜ್ಜನ ರುಜು ಸಮೇತ. ಓದಿ ಹೇಳಿದವಳು ಗೆಳತಿ. ಹೊಸ ಜಾಗಕ್ಕೆ ಸಂಬಂಧಿಸಿ ಒಂದು ಚೂರು ಕಾಗದವೂ ಇರಲಿಲ್ಲ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಬರೆಯೋಣವೇ ಎಂಬ ಚರ್ಚೆ ನನ್ನ ಕೋಣೆಯಲ್ಲೇ ನಡೆಯಿತು. ನಾನು ಬಾಯಿ ಹಾಕಲಿಲ್ಲ. ಕೊನೆಗೆ ಎರಡೂ ವರದಿಗೆ ಸೇರಿದವು. ಪರಿಹಾರ ಸಿಕ್ಕಿತ್ತು ಎಂಬುದರಿಂದ ಅನ್ಯಾಯ ಕಡಿಮೆಯಾಗುವುದಿಲ್ಲ, ಅನ್ಯಾಯ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ: ಹಳೆಯ ಭೂಮಿಯ ಲೆಕ್ಕದಲ್ಲಿ ಅಷ್ಟಾಗಿ ಅಲ್ಲ, ಹೊಸ ಭೂಮಿಯ ದಾಖಲೆಯಲ್ಲಿ.

2006ರ ಅರಣ್ಯ ಹಕ್ಕು ಕಾಯ್ದೆ ಇವರಿಗೆ ನೆರವಾಗುವುದೇ ಎಂಬುದು ಅವರ ಕಾನೂನು ಪ್ರಶ್ನೆ. ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ತಲೆಮಾರಿಗೆ 25 ವರ್ಷದಂತೆ 75 ವರ್ಷ, ಅರಣ್ಯದಲ್ಲಿ ವಾಸವಿದ್ದು ಅದನ್ನು ಅವಲಂಬಿಸಿದ್ದನ್ನು ತೋರಿಸಬೇಕು. ಎಂದರೆ 1930ರಿಂದ. ಸರ್ಕಾರವೇ ಅರವತ್ತರ ದಶಕದಲ್ಲಿ ತಂದು ಇಳಿಸಿದವರು 1930ರಿಂದ ಇಲ್ಲೇ ಇದ್ದೆವು ಎಂದು ಹೇಗೆ ತೋರಿಸಬೇಕು? ಮೊದಲ ಕರಡಿನಲ್ಲಿ ಹುಡುಗಿಯರು ‘ಆದ್ದರಿಂದ ಈ ಕಾಯ್ದೆ ನಿರುಪಯೋಗಿ’ ಎಂದು ಬರೆದಿದ್ದರು. ಕೋಪದಲ್ಲಿ ಬರೆದ ವಾಕ್ಯ ಎಂದು ನೋಡಿದರೇ ತಿಳಿಯುತ್ತಿತ್ತು. ಕಲಂಗಳನ್ನು ಮತ್ತೆ ಓದಿಕೊಂಡು ಬನ್ನಿ ಎಂದು ಕಳಿಸಿದೆ.

ಮತ್ತೆ ಓದಿದಾಗ 4(8) ಸಿಕ್ಕಿತು: ಅಭಿವೃದ್ಧಿ ಯೋಜನೆಗಾಗಿ, ಭೂಮಿಯ ಪರಿಹಾರವಿಲ್ಲದೆ ಮನೆ ಮತ್ತು ಸಾಗುವಳಿ ಕಳೆದುಕೊಂಡವರಿಗೂ ಹಕ್ಕಿದೆ. ಸಂಭ್ರಮದಿಂದ ಓಡಿ ಬಂದರು. ವಾಕ್ಯದ ಕೊನೆಯವರೆಗೂ ಓದಿ ಎಂದೆ. ವಶಪಡಿಸಿಕೊಂಡ ಭೂಮಿಯನ್ನು ಐದು ವರ್ಷದೊಳಗೆ ಆ ಉದ್ದೇಶಕ್ಕೆ ಬಳಸದೆ ಇದ್ದಲ್ಲಿ ಎಂಬ ಷರತ್ತು ಅಲ್ಲೇ ಇದೆ. ನೀರಿನಲ್ಲಿ ಮುಳುಗಿದ ಭೂಮಿ ಉದ್ದೇಶಕ್ಕೆ ಬಳಕೆಯಾಗಿಲ್ಲ ಎಂದು ಯಾರು ವಾದಿಸಬಲ್ಲರು? ಮೂರನೆಯ ಸಲ ಹಿಡಿದದ್ದು 2(ಒ) ವ್ಯಾಖ್ಯೆಯನ್ನು. 75 ವರ್ಷ ಅರಣ್ಯದಲ್ಲಿ ವಾಸ ಇರಬೇಕು ಎನ್ನುತ್ತದೆ ಅದು. ಈಗ ಅರ್ಜಿ ಹಾಕಿರುವ ಅದೇ ತುಂಡಿನಲ್ಲೇ 75 ವರ್ಷ ಇದ್ದಿರಬೇಕು ಎಂದು ಅಲ್ಲಿಲ್ಲ. ಕಣಿವೆಯಲ್ಲಿದ್ದಾಗಲೂ ಈ ಜನ ಕಾಡನ್ನೇ ನಂಬಿ ಬದುಕಿದವರು. ಆ ವರ್ಷಗಳನ್ನೂ ಈ ವರ್ಷಗಳನ್ನೂ ಕೂಡಿಸಬಾರದೇಕೆ? ಇದು ಗೆಲ್ಲುವ ವಾದ ಎಂದು ನಾನು ಹೇಳಲಾರೆ. ಆದರೆ ಇದು ವಾದ. ಮೊದಲ ಕರಡಿನಲ್ಲಿ ಇದ್ದದ್ದು ಸಿಟ್ಟು.

ಅದೇ ಕಾಯ್ದೆಯಡಿಯ ನಿಯಮ 13ರ ಪ್ರಕಾರ ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ದೇವಸ್ಥಾನಗಳನ್ನೂ ಸಾಕ್ಷ್ಯವಾಗಿ ಕೊಡಬಹುದು. ಇವರ ಬಾವಿ, ಸ್ಮಶಾನ, ಭೂತನ ಕಟ್ಟೆ ಎಲ್ಲವೂ ನೀರಿನಡಿ ಇವೆ. ಮಳೆ ಕೈಕೊಟ್ಟ ವರ್ಷ ಹಿನ್ನೀರು ಇಳಿದಾಗ ಹಳೆಯ ಮಡೆನೂರು ಅಣೆಕಟ್ಟು ಮೇಲೆದ್ದು ಕಾಣುತ್ತದಲ್ಲ, ಹಾಗೆಯೇ ಕಾಣುವ ಕಟ್ಟೆ, ಅಡಿಪಾಯಗಳ ಚಿತ್ರ ತೆಗೆದು, ಹಿರಿಯರ ಹೇಳಿಕೆಯ ಜೊತೆ ಸೇರಿಸಬಹುದು ಎಂದು ಒಬ್ಬಳು ಬರೆದಳು. ವಕೀಲಿ ವೃತ್ತಿಯಲ್ಲಿ ಇಷ್ಟು ವರ್ಷ ಇದ್ದವರಿಗೂ ಹೊಳೆಯದ ಉಪಾಯ. ಅವಳ ದೊಡ್ಡಪ್ಪ ಅಲ್ಲಿ ಮೀನು ಹಿಡಿಯಲು ಹೋಗುತ್ತಾರಂತೆ, ಅದಕ್ಕೇ ಹೊಳೆಯಿತು.

ಹೇಳಿಕೆ ಬರೆದುಕೊಳ್ಳಲು ಹೋದ ಮನೆಗಳಲ್ಲೆಲ್ಲ ಹಿರಿಯರದು ಒಂದೇ ಮಾತು: “ನೀನು ವಕೀಲಳಾದ ಮೇಲೆ ನಮ್ಮ ಹಕ್ಕುಪತ್ರ ಮಾಡಿಸಿಕೊಡುತ್ತೀಯಲ್ಲ ತಂಗಿ?” ಆಗುವುದಿಲ್ಲ ಎನ್ನಲು ಇಪ್ಪತ್ತೆರಡರ ಹುಡುಗಿಗೆ ಬಾಯಿ ಬರುವುದಿಲ್ಲ; ಆಗುತ್ತದೆ ಎನ್ನಲು ಹಕ್ಕಿಲ್ಲ. ಸನ್ನದು ಇಲ್ಲದವರು ವಕೀಲಿ ಮಾಡುವಂತಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987 ಕಾನೂನು ಕಾಲೇಜುಗಳ ಸೇವಾ ಕೇಂದ್ರಗಳನ್ನು ಬೆಳೆಸಲು ಹೇಳುತ್ತದೆ. ಹೀಗಾಗಿ ಅಂಥವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲಿಗೆ ಕರೆದೊಯ್ದು, ಅಲ್ಲಿಂದ ಮುಂದಿನ ಕೆಲಸ ಸಂಶೋಧನೆಗೆ ಸೇರಿದ್ದಲ್ಲ ಎಂದು ಗೆರೆ ಎಳೆದಿದ್ದೇವೆ. ಗೆರೆಯ ಈಚೆ ನಿಲ್ಲುವುದು ಅವರಿಗೆ ಕಷ್ಟವಾಗುತ್ತದೆ. ಕಷ್ಟವಾಗದಿದ್ದರೆ ನನಗೆ ಚಿಂತೆಯಾಗುತ್ತಿತ್ತು.

ವರದಿಗಳನ್ನು ಕನ್ನಡದಲ್ಲೇ ಬರೆಸುತ್ತೇನೆ. ಹೈಕೋರ್ಟಿನ ಭಾಷೆ ಇಂಗ್ಲಿಷ್, ಅದನ್ನು ಅವರು ಕಲಿಯಲೇಬೇಕು, ಕಲಿಸುತ್ತೇನೆ ಕೂಡ. ಆದರೆ ಕಡತ ಕನ್ನಡದಲ್ಲಿದೆ, ಕಾಗದ ಕೊಟ್ಟವರು ಓದುವುದೂ ಕನ್ನಡವನ್ನೇ, ಮತ್ತು ಪ್ರತಿ ವರದಿಯ ಒಂದು ಪ್ರತಿ ಅವರಿಗೆ ಹೋಗಲೇಬೇಕು ಎಂಬುದು ನಮ್ಮ ಕಟ್ಟಳೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಮುಳುಗಡೆಯ ವರದಿಯನ್ನು ತೂಗಿ ನೋಡಿ, “ಬಹಳ ತೆಳ್ಳಗಿದೆ. ಪ್ರಾಕ್ಕಲ್ಪನೆಯ ಅಧ್ಯಾಯ ಎಲ್ಲಿ?” ಎಂದು ಕೇಳಿದರು. ಅದೇ ದಿನ ‘ಪರಿಸರ ಮತ್ತು ಕಾನೂನು’ ದಪ್ಪ ರಟ್ಟಿನಲ್ಲಿ ಬಂದು ಹೆಚ್ಚು ಅಂಕ ಪಡೆಯಿತು. ಹುಡುಗಿಯರು ಅತ್ತರು, ಕ್ಯಾಂಟೀನಿನಲ್ಲಿ ಬನ್ಸ್ ತಿಂದರು, ಮರುವಾರ ವರದಿಯ ಪ್ರತಿಗಳನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಮನೆಮನೆಗೆ ಕೊಟ್ಟು ಬಂದರು.

ಇದರಿಂದೆಲ್ಲ ಏನಾಗುತ್ತದೆ ಎಂದು ಕೇಳುವವರಿಗೆ ನಾನು 1979ರ ಒಂದು ಪತ್ರದ ಕತೆ ಹೇಳುತ್ತೇನೆ. ಮಥುರಾ ಎಂಬ ಹುಡುಗಿಯ ಮೇಲೆ ಠಾಣೆಯಲ್ಲಿ ಅತ್ಯಾಚಾರ ಮಾಡಿದ ಆರೋಪದಿಂದ ಪೊಲೀಸರನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದ ತೀರ್ಪನ್ನು ಓದಿದ ನಾಲ್ವರು ಕಾನೂನು ಅಧ್ಯಾಪಕರು, ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್ವಾರ್ ಮತ್ತು ರಘುನಾಥ ಕೇಳ್ಕರ್, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅದರಿಂದ ಎದ್ದ ಚಳವಳಿಯ ಫಲವಾಗಿ 1983ರಲ್ಲಿ ಅತ್ಯಾಚಾರದ ಕಾನೂನು ಬದಲಾಯಿತು. ಆ ನಾಲ್ವರು ಮಾಡಿದ ಮೊದಲ ಕೆಲಸ ದಾಖಲೆಯನ್ನು ಸರಿಯಾಗಿ ಓದಿದ್ದು. ನಮ್ಮ ವರದಿಗಳಿಂದ ಯಾವ ಕಾಯ್ದೆಯೂ ಬದಲಾಗಿಲ್ಲ ಎಂಬುದನ್ನೂ ಜೊತೆಗೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಕ್ಕಳು ತಮ್ಮನ್ನು ತಾವೇ ನಂಬಿಬಿಡುತ್ತಾರೆ.

ಈ ವರ್ಷ ಶಿಕಾರಿಪುರದ ಹುಡುಗನೊಬ್ಬ ಬಗರ್‌ಹುಕುಂ ವಿಷಯ ಎತ್ತಿಕೊಂಡು ಬಂದಿದ್ದಾನೆ. ನಮೂನೆ 50, ನಮೂನೆ 53, 2018ರ ನಂತರದ ನಮೂನೆ 57, ಮೂರು ಸುತ್ತಿನ ಅರ್ಜಿಗಳಲ್ಲಿ ಒಂದೇ ಕುಟುಂಬ ಮತ್ತೆ ಮತ್ತೆ ಅರ್ಜಿ ಹಾಕಬೇಕಾಗಿ ಬಂದದ್ದೇಕೆ ಎಂಬುದು ಅವನ ಪ್ರಶ್ನೆ. ಪ್ರಶ್ನೆ ಚೆನ್ನಾಗಿದೆ, ಗಾತ್ರವೂ ಸರಿಯಾಗಿದೆ. ತೊಡಕು ಒಂದೇ. ಮೂರು ಸುತ್ತಿನಲ್ಲೂ ಅರ್ಜಿ ಹಾಕಿದ ಕುಟುಂಬಗಳಲ್ಲಿ ಅವನದೂ ಒಂದು, ಮತ್ತು ಆ ಅರ್ಜಿ ಈಗ ತಾಲ್ಲೂಕಿನ ಸಕ್ರಮ ಸಮಿತಿಯ ಮುಂದಿದೆ. ಊರು ಬದಲಿಸಿದರೂ ಸಮಿತಿ ಅದೇ, ತಾಲ್ಲೂಕು ಅದೇ. ಬೇರೆ ತಾಲ್ಲೂಕು ತೆಗೆದುಕೊ ಎಂದರೆ, ಅಲ್ಲಿ ನನಗೆ ಯಾರು ಕಾಗದ ತೋರಿಸುತ್ತಾರೆ ಎನ್ನುತ್ತಾನೆ. ಅವನ ಜೋಡಿಯಾಗಿ ಬಂದಿರುವ ಭದ್ರಾವತಿಯ ಹುಡುಗಿ, ತನ್ನ ಮನೆಗೆ ಜಮೀನೇ ಇಲ್ಲವಾದ್ದರಿಂದ ಕಡತಗಳನ್ನೆಲ್ಲ ತಾನೇ ಓದುತ್ತೇನೆ, ಅವನು ಕಾನೂನಿನ ಭಾಗ ಮಾತ್ರ ಬರೆಯಲಿ ಎಂದು ಒಂದು ಸೂತ್ರ ಮುಂದಿಟ್ಟಿದ್ದಾಳೆ. ಅವನು ಒಪ್ಪಿಲ್ಲ. ನನಗೂ ಪೂರ್ತಿ ಸಮಾಧಾನವಿಲ್ಲ. ಮಾಹಿತಿ ಹಕ್ಕಿನ ಅರ್ಜಿಯನ್ನು ಯಾರ ಹೆಸರಿನಲ್ಲಿ ಹಾಕಬೇಕು ಎಂಬುದಂತೂ ಸೋಮವಾರದೊಳಗೆ ತೀರ್ಮಾನವಾಗಬೇಕು.